ಏಳು ಅಂದರೆ ಎದ್ದ ಗಿಡುಗಗಳು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಗುಡ್ಡಗಳು ಕೂತಲ್ಲೇ ಅಲುಗಾಡಿ ಜಾಗ ಸರಿಮಾಡಿಕೊಳ್ಳುತ್ತಿದ್ದವು. ಹೊಳೆಗಳು ಯಾವ ಕಡೆ ಹರಿಯಬೇಕೆಂದು ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಿದ್ದವು. ಗಾಳಿ, ಗುಡ್ಡ, ಹಕ್ಕಿ, ಮನುಷ್ಯ ಎಲ್ಲರೂ ಆಡುತ್ತಿದ್ದದ್ದು ಒಂದೇ ಭಾಷೆ.

ಭಾಷೆಯೇನೋ ಒಂದೇ, ಆದರೆ ಅದರಲ್ಲಿ ಪದಗಳು ಬಹಳ ಕಡಿಮೆ. ಹಾಗಾಗಿ ಒಂದೊಂದು ಪದವೂ ಎರಡು ಮೂರು ಕೆಲಸ ಮಾಡಬೇಕಿತ್ತು. ನೆರೆ ಬಂತು ಎಂದು ಯಾರಾದರೂ ಕೂಗಿದರೆ ಹೊಳೆ ಉಕ್ಕಿತೋ, ತಲೆ ಬೆಳ್ಳಗಾಯಿತೋ, ಪಕ್ಕದ ಮನೆಯವರು ಬಂದರೋ ಎಂದು ಹೊರಗೆ ಬಂದು ನೋಡಬೇಕಾಗುತ್ತಿತ್ತು. ಇದರಿಂದ ಆದ ಫಜೀತಿಗಳು ಅಷ್ಟಿಷ್ಟಲ್ಲ. ಗಿಡುಗಗಳ ಫಜೀತಿಯೂ ಅದರಲ್ಲಿ ಒಂದು.

ಆಗ ಗಿಡುಗಗಳಿಗೆ ಎತ್ತರಕ್ಕೆ ಏರುವುದು ಗೊತ್ತಿರಲಿಲ್ಲ. ಕೋಳಿಗಿಂತ ತುಸು ವಾಸಿ, ಅಷ್ಟೇ. ಪಟಪಟ ರೆಕ್ಕೆ ಬಡಿದುಕೊಂಡು ಮರದ ತಲೆಯ ಮಟ್ಟಕ್ಕೆ ಹಾರುತ್ತಿದ್ದವು, ಸುಸ್ತಾದರೆ ಕೂರುತ್ತಿದ್ದವು. ಇನ್ನೂ ಒಂದು ಕೊರತೆ ಇತ್ತು. ಅವುಗಳಿಗೆ ಲೆಕ್ಕ ಬರುತ್ತಿರಲಿಲ್ಲ. ಒಂದು ಇದ್ದರೆ ಒಂದು, ಅದಕ್ಕಿಂತ ಹೆಚ್ಚಿದ್ದರೆ ಬಹಳ. ಬೇಟೆಗೆ ಇಷ್ಟು ಸಾಕು, ಹೆಚ್ಚಿನದು ಬೇಕಾಗಿರಲಿಲ್ಲ.

ಬಡಗಣ ಸೀಮೆಯಲ್ಲಿ ಚಳಿ ಹುಟ್ಟಿದ ವರ್ಷ ಅವು ಮೊದಲ ಸಲ ತೆಂಕಣಕ್ಕೆ ಹೊರಟವು. ಹೊರಡುವಾಗ ಅಲ್ಲಿಯ ದೊಡ್ಡ ಕೆರೆ ತನ್ನ ನೀರಿನಲ್ಲಿ ಬಿದ್ದ ನೆರಳುಗಳನ್ನು ಎಣಿಸಿ, ನೀವು ನೂರು ಜನ ಇದ್ದೀರಿ, ನೂರೂ ಜನ ಒಟ್ಟಿಗೆ ಹೋಗಿ, ಒಟ್ಟಿಗೆ ಬನ್ನಿ ಎಂದು ಹೇಳಿ ಕಳಿಸಿತು. ನೂರು ಎಂಬ ಪದವನ್ನು ಗಿಡುಗಗಳು ಬಾಯಿಪಾಠ ಮಾಡಿಕೊಂಡವು. ಅದರೊಳಗೆ ಏನಿದೆ ಎಂದು ಒಂದಕ್ಕೂ ಗೊತ್ತಿರಲಿಲ್ಲ.

ಮಳೆ ಮುಗಿದು, ಹುಲ್ಲು ಕೆಂಪಾಗಿ, ಸಜ್ಜೆ ಕೊಯ್ಲಿಗೆ ಬಂದ ಹೊತ್ತಿಗೆ ಅವು ಬಯಲುಸೀಮೆಯ ನಡುವೆ ಇರುವ ಕೆಂಪುಗುಡ್ಡಕ್ಕೆ ಬಂದು ಇಳಿದವು. ಇಲ್ಲಿಂದ ಮುಂದೆ ಕಡಲು ದಾಟಬೇಕು. ದಾಟಿಸಲು ಮೂಡಗಾಳಿ ಒಪ್ಪಿಕೊಂಡಿತ್ತು. ಅದಕ್ಕೆ ಒಂದೇ ಒಂದು ಷರತ್ತು: ತಾನು ಬಹಳ ದಿನ ಕಾಯುವುದಿಲ್ಲ.

ಕಾಯುವ ಪ್ರಸಂಗ ಬಂದೇ ಬಂತು. ಒಂದು ತಾಯಿ ಗಿಡುಗ ತನ್ನ ಮಗ ಇನ್ನೂ ಬಂದಿಲ್ಲ ಎಂದಿತು. ಗುಂಪಿನ ಹಿರಿಯ, ಕತ್ತಿನ ಗರಿ ಉದುರಿದ ಮುದಿ ಗಿಡುಗ, ಬಂಡೆಯ ಮೇಲೆಲ್ಲ ಕಣ್ಣಾಡಿಸಿ, ಬಹಳ ಜನ ಇದ್ದೇವಲ್ಲ, ಎಲ್ಲರೂ ಬಂದಿದ್ದೇವೆ ಎಂದಿತು. ತಾಯಿ ಇಲ್ಲ ಎಂದಿತು. ಹಿರಿಯ ಹೌದು ಎಂದಿತು. ಇನ್ನುಳಿದವು ಆ ಕಡೆ ಅರ್ಧ, ಈ ಕಡೆ ಅರ್ಧ ಸೇರಿ ಜಗಳಕ್ಕೆ ನಿಂತವು. ಮಗ ಎಲ್ಲೋ ಒಳಗೆ ಕೂತು ನಿದ್ದೆ ಹೊಡೆಯುತ್ತಿರಬೇಕು ಎಂದು ಹೇಳಿದವರೂ ಇದ್ದರು. ತಾಯಿ ಒಂದೊಂದೇ ಮುಖ ನೋಡುತ್ತ ಬಂಡೆಯುದ್ದಕ್ಕೂ ನಡೆದಾಡಿತು. ಅದು ಒಂದು ಕೊನೆ ಮುಟ್ಟುವಷ್ಟರಲ್ಲಿ ಇನ್ನೊಂದು ಕೊನೆಯಲ್ಲಿ ಕೂತವರು ಜಾಗ ಬದಲಿಸಿರುತ್ತಿದ್ದರು.

ಗುಡ್ಡದ ಬುಡದಲ್ಲಿ ಒಂದು ಕಣ ಇತ್ತು. ಕಣ ಎಂದರೆ ತೆನೆ ಬಡಿದು, ಕಾಳು ತೂರಿ, ರಾಶಿ ಹಾಕುವ ಜಾಗ. ಅಲ್ಲಿ ನಿಂಬೆವ್ವ ಎಂಬ ಹೆಂಗಸು ಸಜ್ಜೆ ಅಳೆಯುತ್ತಿದ್ದಳು. ಸುತ್ತಿನ ಯಾವ ಊರಲ್ಲಿ ರಾಶಿಯಾದರೂ ಅಳೆಯಲು ನಿಂಬೆವ್ವನೇ ಬರಬೇಕು. ಅವಳು ಕೊಳಗದಲ್ಲಿ ಅಳೆದು ಹೇಳಿದ ಮೇಲೆ ಅಣ್ಣ ತಮ್ಮಂದಿರು ಜಗಳ ಬಿಟ್ಟು ಚೀಲ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ಈ ಮಾತಿನ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಇದ್ದದ್ದರ ಬಗ್ಗೆ ಜಂಬ.

ಅವಳ ಜೊತೆ ತಮ್ಮ ಮುದುಕಪ್ಪ ಇದ್ದ. ಹೆಸರಿಗೆ ಮುದುಕಪ್ಪ, ಮೀಸೆ ಕಪ್ಪಗೇ ಇತ್ತು. ಅಕ್ಕನಿಗೆ ಕಣದ ಕೆಲಸದಲ್ಲಿ ನೆರವಾಗಲು ಬಂದವನು ಮೇವಿನಲ್ಲಿ ಮಲಗಿ ನಿದ್ದೆಗೆ ನೆರವಾಗುತ್ತಿದ್ದ. ಅವನನ್ನು ಎಬ್ಬಿಸುವುದೇ ನಿಂಬೆವ್ವನ ದಿನದ ಮೊದಲ ಕೆಲಸ. ಏಳು, ಏಳು, ಹೊತ್ತೇರಿತು ಏಳು ಎಂದು ಅವಳು ಕೂಗಿದರೆ ಅವನೊಬ್ಬನನ್ನು ಬಿಟ್ಟು ಊರೆಲ್ಲ ಏಳುತ್ತಿತ್ತು.

ತಾಯಿ ಗಿಡುಗ ಮೇಲಿನಿಂದ ಇದನ್ನೆಲ್ಲ ನೋಡಿತು. ಇವಳು ಬಾಯಲ್ಲಿ ಏನೋ ಅನ್ನುತ್ತಾಳೆ, ಜಗಳ ಮುಗಿಯುತ್ತದೆ. ನಮಗೂ ಅದನ್ನೇ ಅನ್ನಲಿ ಎಂದು ಇಳಿದು ಬಂದು ಕಣದ ಅಂಚಿನಲ್ಲಿ ಕೂತು, ತಮ್ಮವರನ್ನು ಎಣಿಸಿಕೊಡಬೇಕೆಂದು ಕೇಳಿತು. ನೂರು ಇದ್ದರೆ ತಾನು ಬಾಯಿ ಮುಚ್ಚಿಕೊಂಡು ಹೊರಡುವುದಾಗಿಯೂ, ಇಲ್ಲದಿದ್ದರೆ ಮಗ ಬರುವವರೆಗೆ ಎಲ್ಲರೂ ಕಾಯಬೇಕೆಂದೂ ಹೇಳಿತು. ಹಿರಿಯ ಗಿಡುಗವೂ ಒಪ್ಪಿತು. ಜಗಳವಾಡಿ ಅದಕ್ಕೂ ಸಾಕಾಗಿತ್ತು. ಮೂಡಗಾಳಿ ಮಾತ್ರ, ಇವತ್ತು ಹೊತ್ತು ಮುಳುಗಿದರೆ ತಾನು ಹೊರಟೆ, ಆಮೇಲೆ ಬಂದವರು ತಮ್ಮ ದಾರಿ ತಾವು ನೋಡಿಕೊಳ್ಳಬೇಕು ಎಂದು ಗುಡ್ಡದ ಹಿಂದಿನಿಂದ ಹೇಳಿಬಿಟ್ಟಿತು.

ನಿಂಬೆವ್ವ ಕೊಳಗ ಹಿಡಿದುಕೊಂಡೇ ಗುಡ್ಡ ಹತ್ತಿದಳು. ಕೈಯಲ್ಲಿ ಕೊಳಗ ಇಲ್ಲದಿದ್ದರೆ ಅವಳಿಗೆ ಬಾಯಲ್ಲಿ ಲೆಕ್ಕ ಬರುತ್ತಿರಲಿಲ್ಲ. ಮುದುಕಪ್ಪನೂ ಹಿಂದೆ ಬಂದ, ಬಂಡೆಯ ನೆರಳಿನಲ್ಲಿ ಒಂದು ಹಿಡಿ ಹುಲ್ಲು ಹಾಸಿಕೊಂಡು ಮಲಗಿದ. ಗಿಡುಗಗಳು ಸಾಲಾಗಿ ಕೂತವು. ನಿಂಬೆವ್ವ ಕೊಳಗವನ್ನು ಒಂದೊಂದರ ಕಡೆ ತೋರಿಸುತ್ತ ಶುರುಮಾಡಿದಳು.

ರಾಶಿ ಅಳೆಯುವವರು ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಹಾಗೆ ಹಿರಿಯ ಗಿಡುಗವೇ ಲಾಭವಾಯಿತು. ಅದು ಎದೆ ಉಬ್ಬಿಸಿ ಕೂತಿತು. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು ಎಂದಳು ನಿಂಬೆವ್ವ.

ಎಲ್ಲವೂ ಎದ್ದವು.

ಒಂದೇ ಸಲಕ್ಕೆ ಬಂಡೆ ಖಾಲಿಯಾಯಿತು. ಪಟಪಟ ರೆಕ್ಕೆ ಬಡಿದುಕೊಂಡು ಅವಳ ತಲೆಯ ಮೇಲೆ ಗಿರಕಿ ಹೊಡೆದು, ಏನಾದರೂ ಆಗಬಹುದೆಂದು ಕಾದು, ಏನೂ ಆಗದೆ ಮತ್ತೆ ಇಳಿದು ಕೂತವು. ಈ ಗಡಿಬಿಡಿಯಲ್ಲಿ ಸಾಲು ಕೆಟ್ಟಿತು. ನಿಂಬೆವ್ವ ಸಾವಧಾನದಿಂದ ಮತ್ತೆ ಲಾಭದಿಂದ ಶುರುಮಾಡಿದಳು. ಏಳಕ್ಕೆ ಬಂದಳು. ಮತ್ತೆ ಎಲ್ಲವೂ ಎದ್ದವು. ಮೂರನೆಯ ಸಲವೂ ಅದೇ ಆಯಿತು. ಅಷ್ಟರಲ್ಲಿ ಹೊತ್ತು ಏರಿತ್ತು, ಗಿಡುಗಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ಹಿರಿಯ ಗಿಡುಗಕ್ಕೆ ತಡೆಯಲಾಗಲಿಲ್ಲ. "ತಂಗೀ, ನೀ ನಮ್ಮನ್ನ ಎಣಸ್ತೀಯೋ, ಎಬ್ಬಸ್ತೀಯೋ?"

ತಾನು ಎಣಿಸುತ್ತಲೇ ಇದ್ದೇನೆ, ಏಳುತ್ತಿರುವವರು ನೀವು ಎಂದಳು ನಿಂಬೆವ್ವ. ಏಳು ಅಂದದ್ದು ನೀನೇ ಅಲ್ಲವೇ ಎಂದಿತು ಹಿರಿಯ. ತಾನು ಹಾಗೆ ಅಂದೇ ಇಲ್ಲ, ತಾನು ಹೇಳಿದ್ದು ಬರೀ ಲೆಕ್ಕ ಎಂದಳು ಅವಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳದ ಇಬ್ಬರು ಜಗಳಕ್ಕೆ ಬಿದ್ದರೆ ಅದು ಬೇಗ ಮುಗಿಯುವುದಿಲ್ಲ.

ಮುದುಕಪ್ಪ ಒಂದು ಕಣ್ಣು ತೆರೆದ. "ಅಕ್ಕಾ, ಹುಟ್ಟಿದಾಗಿಂದ ನನಗ ಏಳು ಏಳು ಅಂತೀ. ನಾ ಒಂದ ದಿನಾ ಎದ್ದಿಲ್ಲ. ಇವು ಮರ್ಯಾದಸ್ಥ ಹಕ್ಕಿ ಅದಾವ. ಒಂದ ಸಲಕ್ಕ ಏಳ್ತಾವ."

ಆಗ ನಿಂಬೆವ್ವನಿಗೆ ಹೊಳೆಯಿತು. ಲೆಕ್ಕವೇ ಗೊತ್ತಿಲ್ಲದವರಿಗೆ ಏಳು ಎಂದರೆ ಆರಾದ ಮೇಲಿನದು ಎಂದು ಹೇಗೆ ಗೊತ್ತಾಗಬೇಕು? ಅವಳು ಗಿಡುಗಗಳಿಗೆ ಬಿಡಿಸಿ ಹೇಳಿದಳು: ನಾನು ಏಳು ಅಂದರೆ ಏಳಬೇಡಿ, ಅದು ಬರೀ ಎಣಿಕೆ. ಎಲ್ಲವೂ ತಲೆಯಾಡಿಸಿದವು. ಅವಳು ಎಣಿಸಿದಳು. ಏಳು ಎಂದ ಕೂಡಲೇ ಮತ್ತೆ ಎದ್ದವು, ಮೇಲೆ ಹೋದ ಮೇಲೆ ನಾಚಿಕೊಂಡವು. ತಲೆಗೆ ತಿಳಿದಿತ್ತು, ರೆಕ್ಕೆಗೆ ತಿಳಿದಿರಲಿಲ್ಲ.

ಆ ಮಾತನ್ನೇ ಬಿಟ್ಟುಬಿಡು, ಆರಾದ ಮೇಲೆ ಇನ್ನೊಂದು ಅನ್ನು ಎಂದು ಮುದುಕಪ್ಪ ಮಗ್ಗುಲು ಬದಲಿಸುತ್ತ ಹೇಳಿದ. ಉಪಾಯ ಒಳ್ಳೆಯದೇ. ಆದರೆ ನಿಂಬೆವ್ವನಿಗೆ ಮನಸ್ಸು ಒಪ್ಪಲಿಲ್ಲ. ಲೆಕ್ಕದಲ್ಲಿ ಒಂದು ಅಂಕಿಯನ್ನು ನುಂಗಿದರೆ ಅದು ಎಲ್ಲಿಗೆ ಹೋಗುತ್ತದೆ? ಕಣದಲ್ಲಿ ಒಂದು ಕಾಳು ಚೆಲ್ಲಿದರೂ ಆಯ್ದು ರಾಶಿಗೆ ಹಾಕುವವಳು ಅವಳು. ಕೊನೆಗೆ ಆ ಮಾತನ್ನು ಸೆರಗಿನ ಚುಂಗಿನಲ್ಲಿ ಇಟ್ಟು ಗಂಟು ಹಾಕಿಕೊಂಡಳು. ನುಂಗಿದ ಹಾಗೂ ಆಗಲಿಲ್ಲ, ಆಡಿದ ಹಾಗೂ ಆಗಲಿಲ್ಲ.

ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಇನ್ನೊಂದು. ಗಿಡುಗಗಳು ಕದಲಲಿಲ್ಲ. ಎಂಟು, ಒಂಬತ್ತು. ನಿಂಬೆವ್ವನ ದನಿ ಗಟ್ಟಿಯಾಯಿತು. ಹತ್ತು.

ಎಣಿಸಿಕೊಂಡಿದ್ದ ಹತ್ತೂ ಗಿಡುಗಗಳು ಹತ್ತಲು ಹೊರಟವು. ಸುಮ್ಮಸುಮ್ಮನೆ ಎದ್ದು ನಾಚಿಕೊಂಡಿದ್ದ ಉಳಿದವು ತಮ್ಮ ಸರದಿ ಬರಲಿ ಎಂದು ಕೂತೇ ಇದ್ದವು.

ಇದನ್ನು ಅವಳು ಯೋಚಿಸಿರಲಿಲ್ಲ. ದಿನವೂ ತಮ್ಮನಿಗೆ ಮೇವಿನ ಬಣವೆ ತೋರಿಸಿ ಹತ್ತು, ಹತ್ತು ಎಂದು ಗದರುವವಳು ಅವಳೇ, ಆದರೂ ಅವಳ ತಲೆಗೆ ಬಂದಿರಲಿಲ್ಲ. ಪಾಪ, ಹಕ್ಕಿಗಳೇನೋ ಹತ್ತಲು ಹೊರಟವು, ಹತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮರವಿಲ್ಲ, ಬಣವೆಯಿಲ್ಲ. ರೆಕ್ಕೆ ಬಡಿಯುತ್ತ ಎತ್ತ ಹೋಗಬೇಕೆಂದು ತಿಳಿಯದೆ ತೂರಾಡಿದವು.

ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಕೆಂಪುಗುಡ್ಡ ಆಗ ಬಾಯಿಬಿಟ್ಟಿತು. ಬಿಸಿಲಿಗೆ ಕಾದು ಕಾದು ನನ್ನ ಮೈಯಿಂದ ಬಿಸಿ ಏಳುತ್ತದೆ, ನೆಟ್ಟಗೆ ಕಂಬದ ಹಾಗೆ ಮೇಲಕ್ಕೆ ಹೋಗುತ್ತದೆ, ಯಾರ ಉಪಯೋಗಕ್ಕೂ ಬರುತ್ತಿಲ್ಲ, ಅದನ್ನೇ ಹತ್ತಲಿ ಎಂದಿತು. ಕಂಬ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಗಿಡುಗಗಳು ತಡಕಾಡಿ ಅದನ್ನು ಹುಡುಕಿದವು. ರೆಕ್ಕೆ ಅಗಲಿಸಿ ಅದರ ಸುತ್ತ ಒಂದು ಸುತ್ತು ಹಾಕಿದವು. ರೆಕ್ಕೆ ಬಡಿಯದೆಯೇ ಮೇಲೆ ಹೋದವು. ಇನ್ನೊಂದು ಸುತ್ತು ಹಾಕಿದವು, ಇನ್ನೂ ಮೇಲೆ ಹೋದವು. ಅಷ್ಟು ಎತ್ತರಕ್ಕೆ ಅದುವರೆಗೆ ಯಾವ ಹಕ್ಕಿಯೂ ಹೋಗಿರಲಿಲ್ಲ.

ಎಣಿಸಿದ್ದು ಮೇಲೆ, ಎಣಿಸಬೇಕಾದದ್ದು ಕೆಳಗೆ. ಅಳೆಯುವವಳಿಗೆ ಇದಕ್ಕಿಂತ ಅನುಕೂಲ ಏನು ಬೇಕು? ನಿಂಬೆವ್ವ ಒಂದು ಬೆಣಚುಕಲ್ಲು ಬದಿಗಿಟ್ಟು ಮುಂದಿನ ಹತ್ತನ್ನು ಎಣಿಸಿದಳು. ಅವೂ ಹತ್ತಿದವು. ಇನ್ನೊಂದು ಕಲ್ಲು, ಇನ್ನೊಂದು ಸುತ್ತು. ಸಂಜೆಯ ಹೊತ್ತಿಗೆ ಒಂಬತ್ತು ಕಲ್ಲು ಕೆಳಗೆ ಇದ್ದವು, ಗಿಡುಗಗಳ ಒಂಬತ್ತು ಬಳೆ ಆಕಾಶದಲ್ಲಿ ಒಂದರ ಮೇಲೊಂದು ತಿರುಗುತ್ತಿದ್ದವು.

ಉಳಿದವರ ಕಡೆ ಅವಳು ಕೊಳಗ ತೋರಿಸಿದಳು. ಕೊನೆಯಲ್ಲಿ ಕೂತದ್ದು ತಾಯಿ ಗಿಡುಗ. ತನ್ನ ಪಕ್ಕದಲ್ಲಿ ಇನ್ನೊಂದು ಹಕ್ಕಿ ಕೂರುವಷ್ಟು ಜಾಗ ಬಿಟ್ಟುಕೊಂಡು ಕೂತಿತ್ತು. ನಿಂಬೆವ್ವ ಅದರ ಹತ್ತಿರ ಬಂದಾಗ ಲೆಕ್ಕ ಒಂಬತ್ತಕ್ಕೆ ಬಂದಿತ್ತು. ಕೊಳಗ ಆ ಖಾಲಿ ಜಾಗದ ಮೇಲೆ ಹೋಗಿ ನಿಂತಿತು.

ಜಗಳ ಮುಗಿಯಿತು. ತಾಯಿ ಹೇಳಿದ್ದೇ ನಿಜ, ಒಂದು ಬಂದಿಲ್ಲ. ಆದರೆ ಇದರಿಂದ ಇನ್ನೊಂದು ಇಕ್ಕಟ್ಟು ಹುಟ್ಟಿತು. ಹತ್ತು ಅನ್ನದೆ ಈ ಒಂಬತ್ತು ಹತ್ತುವ ಹಾಗಿಲ್ಲ. ಹತ್ತು ಅನ್ನಬೇಕಾದರೆ ಹತ್ತನೆಯದು ಇರಬೇಕು.

ಗುಡ್ಡ ಮೆಲ್ಲಗೆ ಹೇಳಿತು, ಹೊತ್ತು ಇಳಿಯುತ್ತಿದೆ, ನನ್ನ ಮೈ ಆರುತ್ತಿದೆ, ಇನ್ನು ಬಹಳ ಹೊತ್ತು ಎತ್ತಿ ಹಿಡಿಯಲಾರೆ. ಮೂಡಗಾಳಿ ಗುಡ್ಡದ ಹಿಂದಿನಿಂದ ಎದ್ದು ಮೈಮುರಿಯಿತು. ಮೇಲಿನ ಬಳೆಗಳು ಒಂದು ಗೇಣು ಕೆಳಗೆ ಇಳಿದವು. ಹಿರಿಯ ಗಿಡುಗ ಅಲ್ಲಿಂದಲೇ ಕೂಗಿ ಹೇಳಿತು: ಹೇಗೂ ಒಂದೇ ಕಡಿಮೆ, ಆ ಒಂದು ಮಾತು ಅಂದುಬಿಡು, ಉಳಿದವರೆಲ್ಲ ಬದುಕಿಕೊಳ್ಳುತ್ತಾರೆ. ಬಂಡೆಯ ಮೇಲಿನ ಎಂಟು ಗಿಡುಗಗಳು ತಾಯಿಯ ಮುಖ ನೋಡದೆ ನೆಲ ನೋಡುತ್ತಿದ್ದವು. ಅವುಗಳಿಗೂ ಹೋಗಬೇಕಿತ್ತು.

ನಿಂಬೆವ್ವನಿಗೆ ಹೆದರಿಕೆಯಾಯಿತು. ಕಾಳು ಅಳೆಯುವಾಗ ಯಾರೂ ಸಾಯುವುದಿಲ್ಲ. ಇಲ್ಲಿ ಒಂಬತ್ತು ಜೀವ ಅವಳ ನಾಲಿಗೆಯ ತುದಿಯಲ್ಲಿ ಕೂತಿದ್ದವು. ಅನ್ನುವುದೋ ಬಿಡುವುದೋ ತಿಳಿಯದೆ ತಾಯಿ ಗಿಡುಗವನ್ನೇ ಕೇಳಿದಳು.

ತಾಯಿ ಗಿಡುಗ ಖಾಲಿ ಜಾಗದಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿತು. "ಲೆಕ್ಕ ನಿಂದು, ಸಂಕಟ ನಂದು. ನನ್ನ ಸಂಕಟ ನೋಡಿ ಲೆಕ್ಕ ಕೆಡಸಬ್ಯಾಡ. ಅವರ ಅವಸರ ನೋಡೂ ಕೆಡಸಬ್ಯಾಡ."

ನಿಂಬೆವ್ವ ಕೊಳಗವನ್ನು ಬಂಡೆಯ ಮೇಲೆ ಇಟ್ಟು, ಕತ್ತೆತ್ತಿ ಹಿರಿಯನಿಗೆ ಹೇಳಿದಳು. "ಅಜ್ಜಾ, ಬರದ್ದನ್ನ ಬಂತು ಅಂದ್ರ, ನಾಳೆ ಅದು ಬಂದಾಗ ಏನಂತ ಎಣಸಲಿ?"

ಹಿರಿಯ ಮತ್ತೆ ತನ್ನ ಬಳೆಗೆ ಸೇರಿಕೊಂಡಿತು. ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ನೂರೂ ಜನ ಒಟ್ಟಿಗೆ ಎಂದು ಕೆರೆ ಹೇಳಿದ್ದು ಅದಕ್ಕೆ ನೆನಪಾಯಿತೋ, ಅಥವಾ ಎಲ್ಲರಿಗಿಂತ ಮೊದಲು ತನ್ನನ್ನು ಲಾಭ ಎಂದಿದ್ದಳಲ್ಲ ಎಂಬ ದಾಕ್ಷಿಣ್ಯವೋ, ಗೊತ್ತಿಲ್ಲ. ಒಂಬತ್ತು ಬಳೆಗಳೂ ತಿರುಗುತ್ತಲೇ ಇದ್ದವು. ಬಿಸಿ ಇಳಿದಂತೆಲ್ಲ ಕೆಳಗೆ ಕೆಳಗೆ ಬರುತ್ತಿದ್ದವು.

ಅತ್ತ, ಬಯಲಿನ ಆ ಕೊನೆಯಲ್ಲಿ, ಬಾರದ ಮಗ ಇನ್ನೂ ಹಾರುತ್ತಲೇ ಇತ್ತು. ನಿದ್ದೆಯೂ ಹೊಡೆದಿರಲಿಲ್ಲ, ಮೋಜಿಗೆ ನಿಂತಿರಲೂ ಇಲ್ಲ. ಬಲರೆಕ್ಕೆಯ ಒಂದು ಗರಿ ಬಿದ್ದುಹೋಗಿತ್ತು, ಅಷ್ಟೇ. ಜಾಲಿಗಿಡದಿಂದ ಜಾಲಿಗಿಡಕ್ಕೆ ಹಾರಿ, ಕೂತು, ಮತ್ತೆ ಹಾರುತ್ತ ಬರುತ್ತಿತ್ತು. ತಗ್ಗಿನಲ್ಲಿ ಹಾರುವವರಿಗೆ ದೂರದ ಗುಡ್ಡ ಕಾಣುವುದಿಲ್ಲ. ತನ್ನವರು ಯಾವ ದಿಕ್ಕಿಗೆ ಹೋದರೆಂದು ತಿಳಿಯದೆ ಅದು ಎರಡು ದಿನ ತಪ್ಪು ದಾರಿಯಲ್ಲಿ ಹೋಗಿ ಬಂದಿತ್ತು.

ಆ ಸಂಜೆ ಅದು ಒಂದು ಜಾಲಿಯ ತುದಿಯಲ್ಲಿ ಕೂತು ಆಕಾಶ ನೋಡಿತು. ಬಹಳ ದೂರದಲ್ಲಿ, ಕಣದಲ್ಲಿ ಗಾಳಿಗೆ ಸಿಕ್ಕ ಹೊಟ್ಟು ಸುತ್ತುವ ಹಾಗೆ, ಏನೋ ಕಪ್ಪಗೆ ಸುತ್ತುತ್ತಿತ್ತು. ಹೊಟ್ಟು ಅಷ್ಟು ಹೊತ್ತು ಒಂದೇ ಕಡೆ ಸುತ್ತುವುದಿಲ್ಲ. ಅದು ಎದ್ದು ಆ ಕಡೆ ಹಾರಿತು.

ಸೂರ್ಯ ನೆಲ ಮುಟ್ಟುವ ಹೊತ್ತಿಗೆ ಅದು ಕೆಂಪುಗುಡ್ಡದ ಬಂಡೆಗೆ ಬಂದು ಬಿತ್ತು. ಕೂರಲಿಲ್ಲ, ಬಿತ್ತು. ತಾಯಿ ಬಿಟ್ಟಿದ್ದ ಖಾಲಿ ಜಾಗದಲ್ಲೇ ಬಿದ್ದು, ರೆಕ್ಕೆ ಹರಡಿ ಕಣ್ಣು ಮುಚ್ಚಿತು. ತಾಯಿ ಕೊಕ್ಕಿನಿಂದ ಮುಟ್ಟಿತು. ಮಗ ಅಲುಗಾಡಲಿಲ್ಲ. ಮೂಡಗಾಳಿ ಹೊರಟೇಬಿಟ್ಟಿತ್ತು, ಅದರ ಸೆರಗಿನ ಅಂಚಷ್ಟೇ ಗುಡ್ಡದ ಮೇಲೆ ಉಳಿದಿತ್ತು.

ನಿಂಬೆವ್ವ ತನ್ನ ಸೆರಗಿನ ಚುಂಗು ಹಿಡಿದು ಗಂಟು ಬಿಚ್ಚಿದಳು. ಬೆಳಿಗ್ಗೆಯಿಂದ ಅಲ್ಲಿದ್ದ ಮಾತು ಇನ್ನೂ ಬೆಚ್ಚಗಿತ್ತು. ಮಗನ ಹತ್ತಿರ ಬಗ್ಗಿ, ದಿನವೂ ತಮ್ಮನಿಗೆ ಹೇಳುವ ಹಾಗೆಯೇ, ಆದರೆ ಮೆಲ್ಲಗೆ ಹೇಳಿದಳು.

"ಏಳು."

ಅದು ಎದ್ದಿತು. ಒಂದು ಕಾಲು ಊರಿತು, ಇನ್ನೊಂದು ಕಾಲು ಊರಿತು, ನಿಂತಿತು. ಬಂಡೆಯ ನೆರಳಿನಲ್ಲಿ ಮಲಗಿದ್ದ ಮುದುಕಪ್ಪನೂ ಎದ್ದು ನಿಂತ. ಒಂದೇ ಸಲಕ್ಕೆ ಅವನು ಎದ್ದದ್ದು ಅದೇ ಮೊದಲು, ಕೊನೆಯೂ ಅದೇ.

ನಿಂಬೆವ್ವ ಕೊಳಗ ಕೈಗೆತ್ತಿಕೊಂಡಳು. ಖಾಲಿ ಜಾಗ ಈಗ ಖಾಲಿ ಇರಲಿಲ್ಲ. ಕೊಳಗವನ್ನು ಅಲ್ಲಿಗೆ ತೋರಿಸಿ, ಬಾಕಿ ಇದ್ದ ಮಾತನ್ನು ಜೋರಾಗಿ ಹೇಳಿದಳು.

"ಹತ್ತು."

ಹತ್ತೂ ಹತ್ತಿದವು. ಗುಡ್ಡ ತನ್ನ ಮೈಯಲ್ಲಿ ಉಳಿದಿದ್ದ ಬಿಸಿಯನ್ನೆಲ್ಲ ಒಟ್ಟುಗೂಡಿಸಿ ಎತ್ತಿತು. ಗರಿ ಬಿದ್ದ ಮಗನಿಗೆ ರೆಕ್ಕೆ ಬಡಿಯುವ ಕೆಲಸವೇ ಬೀಳಲಿಲ್ಲ, ಅಗಲಿಸಿ ಹಿಡಿದುಕೊಂಡಿದ್ದರೆ ಸಾಕಾಗಿತ್ತು. ಹತ್ತು ಬಳೆಗಳು ತುಂಬಿದ ಮೇಲೆ ಹಿರಿಯ ಒಂದು ಪಕ್ಕಕ್ಕೆ ವಾಲಿತು. ಒಂದರ ಹಿಂದೆ ಒಂದು ಎಲ್ಲವೂ ಗಾಳಿಯ ಸೆರಗು ಹಿಡಿದು ಕಡಲಿನ ಕಡೆ ಜಾರಿಹೋದವು. ಇಷ್ಟು ಎತ್ತರದಿಂದ ಜಾರಿದರೆ ಬಹಳ ದೂರ ಹೋಗಬಹುದು ಎಂದು ಅವುಗಳಿಗೆ ಅಂದು ತಿಳಿಯಿತು.

ನಿಂಬೆವ್ವ ಹತ್ತನೆಯ ಬೆಣಚುಕಲ್ಲನ್ನು ಒಂಬತ್ತರ ಪಕ್ಕದಲ್ಲಿ ಇಟ್ಟಳು. ಹತ್ತು ಹತ್ತಲ ನೂರು ಎಂದು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡಳು, ಕೇಳುವವರು ಯಾರೂ ಇರಲಿಲ್ಲ. ತಮ್ಮನನ್ನು ಕರೆದುಕೊಂಡು ಗುಡ್ಡ ಇಳಿದಳು. ಕಣದಲ್ಲಿ ಅಳೆಯದ ಸಜ್ಜೆ ಹಾಗೇ ಇತ್ತು.

ಅದಾದ ಮೇಲೆ ಭಾಷೆಗೆ ಎಷ್ಟೋ ಹೊಸ ಪದಗಳು ಬಂದವು. ಆದರೆ ಏಳು ಮತ್ತು ಹತ್ತು ಹಳೆಯ ಎರಡೆರಡು ಕೆಲಸ ಬಿಡಲಿಲ್ಲ. ಗಿಡುಗಗಳೂ ಕಲಿತದ್ದನ್ನು ಮರೆಯಲಿಲ್ಲ. ಮಳೆ ಮುಗಿದು ಹುಲ್ಲು ಕೆಂಪಾಗುವ ದಿನಗಳಲ್ಲಿ ಅವು ಕಾದ ಗುಡ್ಡ ಕಂಡಲ್ಲೆಲ್ಲ ಸುತ್ತು ಹಾಕಿ ಹಾಕಿ ಏರುತ್ತವೆ, ರೆಕ್ಕೆ ಬಡಿಯುವುದಿಲ್ಲ. ಆ ದಿನಗಳಲ್ಲಿ ಗುಡ್ಡದ ಮೇಲೆ ಕೊರಳಿಗೆ ದುರ್ಬೀನು ಹಾಕಿಕೊಂಡ ಒಂದಿಬ್ಬರು ಬುತ್ತಿ ಕಟ್ಟಿಕೊಂಡು ಹೋಗಿ ಕೂತಿರುತ್ತಾರೆ, ಬಾಯಲ್ಲಿ ಏನೋ ಎಣಿಸುತ್ತಿರುತ್ತಾರೆ. ಅವರ ಕೈಯಲ್ಲಿ ಕೊಳಗ ಇಲ್ಲ, ಅದೊಂದು ಬಿಟ್ಟರೆ ಕೆಲಸ ನಿಂಬೆವ್ವನದೇ. ಇಷ್ಟು ಹೊತ್ತು ಅವು ಯಾಕೆ ಒಂದೇ ಕಡೆ ಸುತ್ತುತ್ತವೆ, ಸೀದಾ ಹೋಗಬಾರದೇ ಎಂದು ನಿನಗೂ ಅನಿಸಬಹುದು. ಇನ್ನು ಮೇಲೆ ಕತ್ತೆತ್ತಿ ನೋಡಿದಾಗ ಗಿಡುಗಗಳು ಗುಡ್ಡದ ಮೇಲೆ ಸುತ್ತುತ್ತಲೇ ಇದ್ದರೆ, ಒಂದು ಇನ್ನೂ ಬರಬೇಕಾಗಿದೆ ಎಂದು ತಿಳಿದುಕೋ.